ಕೈತೋಟದ ಕಳೆ ಮತ್ತು ಕಳೆನಾಶಕ: ಅಳತೆಯೂ ಎಚ್ಚರವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಯ ಹಿಂದೊಂದು ಹಿತ್ತಲು ಇರುವುದು ಇಂದಿಗೂ ವಿಶೇಷವೇನಲ್ಲ. ಒಂದು ಬಿಲ್ವದ ಗಿಡ, ನಾಲ್ಕು ದಾಸವಾಳ, ಕಣಗಿಲೆ, ನುಗ್ಗೆ, ಕರಿಬೇವು, ಚಪ್ಪರಕ್ಕೆ ಹಬ್ಬಿದ ಅವರೆ, ನೀರು ಹರಿಯುವ ಕಡೆ ಎರಡು ಬಾಳೆ. ಅನುಕೂಲವಿದ್ದವರ ಮನೆಯಲ್ಲಿ ವೀಳ್ಯದೆಲೆಯ ಬಳ್ಳಿ. ಪೂಜೆಗೆ ಪತ್ರೆಪುಷ್ಪವೂ ಅಡುಗೆಗೆ ಸೊಪ್ಪುತರಕಾರಿಯೂ ಇಲ್ಲಿಂದಲೇ ಬರುತ್ತವೆ. ಹಲವು ಸದ್ಭಕ್ತರು ತಮ್ಮ ಹಿತ್ತಲಿನಲ್ಲಿ ಮಿಕ್ಕ ಸೊಪ್ಪು, ಕುಂಬಳ, ಬಾಳೆಗೊನೆಗಳನ್ನು ದಾಸೋಹಕ್ಕೂ ತಂದೊಪ್ಪಿಸುವರು. ಹೀಗಾಗಿ ಹಿತ್ತಲಿನ ಮಣ್ಣಿಗೆ ಬಿದ್ದದ್ದು ಒಂದು ಮನೆಯ ಎಲೆಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಹದವಾಗಿ ಸುರಿದರೆ ಹದಿನೈದು ದಿನಗಳಲ್ಲಿ ಹಿತ್ತಲು ಮೊಣಕಾಲೆತ್ತರದ ಕಳೆಯಿಂದ ತುಂಬಿಹೋಗುತ್ತದೆ. ಹಿಂದೆ ಮನೆಮಂದಿಯೆಲ್ಲ ಕುಳಿತು ಕೀಳುತ್ತಿದ್ದರು. ಈಗ ಮಕ್ಕಳು ಮೈಸೂರು, ಬೆಂಗಳೂರುಗಳಲ್ಲಿದ್ದಾರೆ, ಊರಿನಲ್ಲಿರುವ ಹಿರಿಯರಿಗೆ ಸೊಂಟ ಬಗ್ಗದು, ಕೂಲಿಯವರು ಸಿಗುವುದು ದುರ್ಲಭ. ಇಂಥ ಸಂದರ್ಭದಲ್ಲಿ ಗದ್ದೆಗೆಂದು ತಂದು ಉಳಿದ ಕಳೆನಾಶಕದ ಬಾಟಲಿಯ ಕಡೆಗೆ ಕೈ ಹೋಗುವುದು ಸಹಜ. ಆ ಕೈಯನ್ನು ಒಂದು ಗಳಿಗೆ ತಡೆದು, ಒಳಗಿರುವುದು ಏನು, ಅದು ಯಾವುದಕ್ಕೆ, ಎಷ್ಟು, ಎಲ್ಲಿ ಎಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನ.

ಮೊದಲು ಒಂದು ಮಾತು. ನಾವು ಇದನ್ನು ‘ಹುಲ್ಲಿನ ಔಷಧಿ’ ಎನ್ನುತ್ತೇವೆ. ಕೆಲವೆಡೆ ‘ಎಣ್ಣೆ ಹೊಡೆಯುವುದು’ ಎಂಬ ಮಾತೂ ಇದೆ. ಔಷಧಿಯೆಂಬ ಹೆಸರು ಕೇಳಿದೊಡನೆ ಮನಸ್ಸಿನ ಭಯ ಅರ್ಧ ಇಳಿದುಬಿಡುತ್ತದೆ. ಕಾನೂನಿನ ಕಣ್ಣಿನಲ್ಲಿ ಇದು ವಿಷ. 1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ ನೋಂದಣಿಯಾಗಿ, ಪರವಾನಗಿಯುಳ್ಳ ಅಂಗಡಿಯಲ್ಲಿ ಮಾತ್ರ ಮಾರಾಟವಾಗಬೇಕಾದ ವಸ್ತು. ಪ್ರತಿ ಡಬ್ಬಿಯ ಮೇಲೂ ಬಣ್ಣದ ತ್ರಿಕೋನವೊಂದಿರುತ್ತದೆ. ಕೆಂಪು ಅತ್ಯಂತ ತೀವ್ರ ವಿಷವನ್ನೂ, ಹಳದಿ ತೀವ್ರ ವಿಷವನ್ನೂ, ನೀಲಿ ಮಧ್ಯಮ ವಿಷವನ್ನೂ, ಹಸಿರು ಅಲ್ಪ ವಿಷವನ್ನೂ ಸೂಚಿಸುತ್ತದೆ. ಹಸಿರು ತ್ರಿಕೋನವೆಂದರೆ ನಿರಪಾಯವೆಂದು ಅರ್ಥವಲ್ಲ. ಅಕ್ಷರ ಬಾರದ ಕೂಲಿಕಾರರಿಗೂ ತಿಳಿಯಲೆಂದು ಮಾಡಿದ ಗುರುತು ಇದು. ಓದುಬಲ್ಲ ನಮ್ಮಲ್ಲಿ ಅನೇಕರು ಇದನ್ನು ಗಮನಿಸಿಯೇ ಇರುವುದಿಲ್ಲ.

ಕಳೆಯಲ್ಲಿ ಬಗೆಗಳು

ಕಳೆಯೆಲ್ಲ ಒಂದೇ ಜಾತಿಯಲ್ಲ. ಆದುದರಿಂದ ಒಂದೇ ಉಪಾಯಕ್ಕೆ ಎಲ್ಲವೂ ಮಣಿಯುವುದಿಲ್ಲ. ಬೀಜದಿಂದ ಹುಟ್ಟಿ, ಹೂಬಿಟ್ಟು, ಒಂದೇ ಋತುವಿನಲ್ಲಿ ಮುಗಿಯುವ ಕಳೆಗಳು ಒಂದು ಗುಂಪು. ಇವನ್ನು ಹೂವಿಗೆ ಮೊದಲೇ ಕಿತ್ತರೆ ಮುಂದಿನ ವರ್ಷದ ಕೆಲಸ ಕಡಿಮೆಯಾಗುತ್ತದೆ. ಗರಿಕೆ ಮತ್ತು ಜೇಕು ಇನ್ನೊಂದು ಗುಂಪು. ಗರಿಕೆ ನೆಲದ ಮೇಲೂ ಒಳಗೂ ಗೆಣ್ಣುಗಳಿಂದ ಹಬ್ಬುತ್ತದೆ. ಒಂದು ಗೆಣ್ಣು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಜೇಕಿನ ಬಲವಿರುವುದು ಅದರ ಗಡ್ಡೆಯಲ್ಲಿ. ಕೊನ್ನಾರಿ ಗಡ್ಡೆಯೆಂದೂ ಕರೆಯುವ ಈ ಸಣ್ಣ ಕಪ್ಪು ಗಡ್ಡೆಗಳು ಸರಪಣಿಯಂತೆ ಒಂದಕ್ಕೊಂದು ಸೇರಿಕೊಂಡು ಮಣ್ಣಿನೊಳಗೆ ಅಡಗಿರುತ್ತವೆ. ಮೇಲಿನ ಎಲೆಯನ್ನು ಕುಡುಗೋಲಿನಿಂದ ಸವರಿದರೆ ವಾರದೊಳಗೆ ಮೊದಲಿನಂತೆಯೇ ನಿಲ್ಲುತ್ತದೆ. ಎಲೆ ಸುಡುವ ಕಳೆನಾಶಕ ಸಿಂಪಡಿಸಿದರೂ ಇದೇ ಕಥೆ.

ಮೂರನೆಯದು ನಮ್ಮೆಲ್ಲರಿಗೂ ಪರಿಚಿತವಾದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಇದು ಅಮೆರಿಕ ಖಂಡದ ಸಸ್ಯ. ನಮ್ಮ ದೇಶದಲ್ಲಿ 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟಿತು. ಹೊರಗಿನಿಂದ ತರಿಸಿದ ಗೋಧಿಯೊಡನೆ ಬೀಜ ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. ಮುಟ್ಟಿದವರಿಗೆ ಮೈ ತುರಿಕೆ, ಪರಾಗ ಉಸಿರಾಡಿದವರಿಗೆ ಉಬ್ಬಸ. ಹಸು ತಿಂದರೆ ಹಾಲು ಕಹಿಯಾಗುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವುದರಿಂದ ಬಿಳಿ ಹೂ ಕಾಣುವ ಮೊದಲೇ, ನೆಲ ತೇವವಾಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳುವುದು ಸರಿಯಾದ ಕ್ರಮ. ಈ ಗಿಡದ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯಿದೆ: ಇದರ ಎಲೆಯನ್ನು ಮಾತ್ರ ತಿನ್ನುವ ಪುಟ್ಟ ಜೀರುಂಡೆಯನ್ನು ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದು ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಡಲಾಯಿತು. ಇಂದು ಅದು ದೇಶದ ಅನೇಕ ಭಾಗಗಳಿಗೆ ಹರಡಿದೆ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ಜರಡಿಯಂತಾಗಿ, ಮೇಲೆ ಕೆನೆಬಣ್ಣದ ಮೈಗೆ ಕಂದು ಗೆರೆಗಳುಳ್ಳ ಹುಳು ಕಂಡರೆ ಅಲ್ಲಿ ಏನನ್ನೂ ಸಿಂಪಡಿಸಬೇಡಿ. ನೀವು ಮಾಡಬೇಕಾದ ಕೆಲಸವನ್ನು ಅದು ಕೂಲಿಯಿಲ್ಲದೆ ಮಾಡುತ್ತಿದೆ.

ಇನ್ನು ಕಳೆಯೆಂದು ನಾವು ಕರೆಯುವ ಕೆಲವು ಗಿಡಗಳು ಕಳೆಯೇ ಅಲ್ಲ. ಅಣ್ಣೆಸೊಪ್ಪು, ಹೊನಗೊನ್ನೆ, ಗಣಿಕೆ, ಗೋಣಿಸೊಪ್ಪು, ಒಂದೆಲಗ ಇವೆಲ್ಲ ಬದುವಿನಲ್ಲಿ, ಹಿತ್ತಲಿನಲ್ಲಿ ತಾವಾಗಿಯೇ ಹುಟ್ಟುವ ಗಿಡಗಳು. ಮಂಡ್ಯ ಸೀಮೆಯ ಬೆರಕೆಸೊಪ್ಪಿನ ಉಪ್ಸಾರು ರುಚಿಸುವುದೇ ಇವುಗಳಿಂದ. ತುಂಬೆಯ ಹೂ ಶಿವಪೂಜೆಗೆ ಬೇಕು. ನೆಲನೆಲ್ಲಿ, ಉತ್ತರಾಣಿಗಳು ಮನೆಮದ್ದಿಗೆ ಬೇಕು. ಇಲ್ಲಿಯೇ ದೊಡ್ಡ ಅಪಾಯವೂ ಅಡಗಿದೆ. ಸಿಂಪಡಿಸಿದವರಿಗೆ ಸಿಂಪಡಿಸಿದ ಜಾಗ ಗೊತ್ತು. ಮರುದಿನ ಬೆಳಿಗ್ಗೆ ಮಡಿಲು ತುಂಬ ಸೊಪ್ಪು ಕೊಯ್ಯಲು ಬರುವ ನೆರೆಮನೆಯ ಅಜ್ಜಿಗೆ ಗೊತ್ತಿಲ್ಲ. ಬೇರಿಗೆ ಇಳಿಯುವ ಜಾತಿಯ ಕಳೆನಾಶಕ ಬಿದ್ದ ಗಿಡ ನಾಲ್ಕೈದು ದಿನ ಹಸಿರಾಗಿಯೇ ಕಾಣುವುದರಿಂದ ನೋಡಿ ಗುರುತಿಸಲೂ ಆಗದು. ಬದುವಿನ ಹುಲ್ಲು ಕೊಯ್ದು ಹಸುವಿಗೆ ಹಾಕುವವರ ವಿಷಯದಲ್ಲೂ ಇದೇ ಮಾತು. ಆದ್ದರಿಂದ ಯಾವುದೇ ಕಾರಣಕ್ಕೆ ಸಿಂಪಡಿಸಿದರೂ ಆ ಜಾಗಕ್ಕೆ ಕೋಲು ನೆಟ್ಟು ಬಟ್ಟೆ ಕಟ್ಟಬೇಕು, ಅಕ್ಕಪಕ್ಕದ ಮನೆಗಳಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಇದಕ್ಕೆ ಖರ್ಚಿಲ್ಲ.

ಬಾಟಲಿಯೊಳಗೆ ಇರುವುದು

ನಮ್ಮ ನಾಲ್ಕು ತಾಲ್ಲೂಕುಗಳ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಕಳೆನಾಶಕಗಳು ಭತ್ತ, ಕಬ್ಬು, ಮುಸುಕಿನ ಜೋಳಗಳಿಗಾಗಿ ತಯಾರಾದವು. ಲೇಬಲ್ಲಿನ ಮೇಲೆ ಬೆಳೆಯ ಹೆಸರು ಬರೆದಿರುತ್ತದೆ. ಕೈತೋಟವೆಂಬ ಬೆಳೆ ಅಲ್ಲಿ ಇರುವುದಿಲ್ಲ. ಬದನೆಯ ಪಕ್ಕ ಹುರುಳಿಕಾಯಿ, ಅದರ ಪಕ್ಕ ದಂಟು, ನಡುವೆ ಮಲ್ಲಿಗೆ ಇರುವ ತೋಟದಲ್ಲಿ ಕಳೆಯನ್ನು ಮಾತ್ರ ಕೊಂದು ಉಳಿದೆಲ್ಲವನ್ನೂ ಬಿಡುವ ರಾಸಾಯನಿಕ ಯಾವುದೂ ಇಲ್ಲ. ಇದನ್ನು ಮನದಟ್ಟು ಮಾಡಿಕೊಂಡರೆ ಅರ್ಧದಷ್ಟು ಅನಾಹುತ ತಪ್ಪುತ್ತದೆ.

2,4-ಡಿ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಂಡುಹಿಡಿದು 1940ರ ದಶಕದಲ್ಲಿ ಬಳಕೆಗೆ ಬಂದದ್ದು. ಇದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಬಿಡುತ್ತದೆ. ಕಬ್ಬು, ಭತ್ತಗಳು ಹುಲ್ಲಿನ ಜಾತಿಯವಾದ್ದರಿಂದ ಅಲ್ಲಿ ಉಪಯುಕ್ತ. ಆದರೆ ಕೈತೋಟದಲ್ಲಿರುವುದೆಲ್ಲವೂ ಅಗಲ ಎಲೆಯದೇ. ಟೊಮೆಟೊ, ಬದನೆ, ಪರಂಗಿ, ಅವರೆ, ವೀಳ್ಯದೆಲೆ ಇವಕ್ಕೆ ಗಾಳಿಯಲ್ಲಿ ತೇಲಿಬಂದ ಹನಿಯೂ ಸಾಕು. ಎಲೆ ಮುರುಟಿ, ಕಾಂಡ ತಿರುಚಿಕೊಳ್ಳುತ್ತದೆ. ಇದರಲ್ಲಿ ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿಯೂ ಪಕ್ಕದ ತೋಟಕ್ಕೆ ಹೋಗಬಲ್ಲದು. ಹಿಪ್ಪುನೇರಳೆ ಬೆಳೆಯುವ ಊರುಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಪಕ್ಕದ ಕಡ್ಡಿತೋಟಕ್ಕೆ ಕಳೆನಾಶಕದ ಹನಿ ಹಾರಿದರೆ ಆ ಸೊಪ್ಪನ್ನು ಹುಳುವಿಗೆ ಹಾಕಲಾಗದು. ನಿಮ್ಮ ಹತ್ತಡಿ ಹುಲ್ಲಿಗಾಗಿ ನೆರೆಯವರ ಒಂದು ಬೆಳೆ ರೇಷ್ಮೆಯೇ ಹೋಗಬಹುದು.

ಅಟ್ರಜಿನ್ ಕಬ್ಬು ಮತ್ತು ಮುಸುಕಿನ ಜೋಳದ ಹೊಲಗಳಲ್ಲಿ ಕಳೆ ಹುಟ್ಟುವ ಮೊದಲೇ ಹಾಕುವ ಪುಡಿ. ಕಬ್ಬಿನ ಗದ್ದೆಗೆ ಹಾಕಿ ಮಿಕ್ಕಿದ್ದನ್ನು ಹಿತ್ತಲಿಗೆ ಎರಚುವ ರೂಢಿ ಕೆಲವೆಡೆ ಇದೆ. ಇದು ಮಣ್ಣಿನಲ್ಲಿ ವಾರಗಳಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ. ಮುಂದೆ ಬಿತ್ತಿದ ಹುರುಳಿಕಾಯಿ, ಸೌತೆ, ಸೊಪ್ಪುಗಳು ಹುಟ್ಟಿ ಎರಡೆಲೆಗೆ ಬಂದು ಹಳದಿಯಾಗಿ ಸಾಯುತ್ತವೆ. ಬೀಜ ಕೆಟ್ಟದ್ದೆಂದು ಅಂಗಡಿಯವರನ್ನು ಬೈಯುತ್ತೇವೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಜೈವಿಕಾಂಶ ಕಡಿಮೆ. ಅಲ್ಲಿ ಇಂಥ ರಾಸಾಯನಿಕ ಮಳೆನೀರಿನೊಡನೆ ಬೇರಿನ ಆಳಕ್ಕೂ ಕ್ರಮೇಣ ಅಂತರ್ಜಲಕ್ಕೂ ಇಳಿಯುವ ಸಂಭವ ಹೆಚ್ಚು. ಹಿತ್ತಲಿನಲ್ಲಿ ಬಾವಿಯೋ ಕೊಳವೆಬಾವಿಯೋ ಇದ್ದವರು ಇದನ್ನು ತರಲೇಬಾರದು.

ಪ್ಯಾರಾಕ್ವಾಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ಮುಟ್ಟಿದ ಹಸಿರನ್ನೆಲ್ಲ ಒಂದೆರಡು ದಿನಗಳಲ್ಲಿ ಸುಟ್ಟುಬಿಡುತ್ತದೆ. ಫಲ ಕಣ್ಣಿಗೆ ಬೇಗ ಕಾಣುವುದರಿಂದ ಜನರಿಗೆ ಮೆಚ್ಚು. ಬೇರಿಗೆ ಇಳಿಯದ ಕಾರಣ ಗರಿಕೆ, ಜೇಕುಗಳು ಮತ್ತೆ ಚಿಗುರುತ್ತವೆ. ಮನುಷ್ಯರ ಮಟ್ಟಿಗೆ ಮಾತ್ರ ಇದು ಅತ್ಯಂತ ಘೋರ. ಅಲ್ಪ ಪ್ರಮಾಣ ಹೊಟ್ಟೆಗೆ ಹೋದರೂ ಮೂತ್ರಪಿಂಡ, ಶ್ವಾಸಕೋಶಗಳು ಕೆಡುತ್ತವೆ, ಇದಕ್ಕೆ ಪ್ರತಿವಿಷವಿಲ್ಲ. ಮೊದಲ ದಿನ ರೋಗಿ ಆರಾಮವಾಗಿಯೇ ಮಾತಾಡುತ್ತಿದ್ದು, ಕೆಲವು ದಿನಗಳ ಬಳಿಕ ಉಸಿರು ಕಟ್ಟುವುದುಂಟು. ಗಾಯವಾದ ಚರ್ಮದ ಮೂಲಕವೂ ಇದು ಒಳಸೇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಇದಕ್ಕೆ ಅವಕಾಶವಿಲ್ಲ. ನೆರೆಯ ಕೇರಳ 2011ರಲ್ಲಿ ನಿಷೇಧಿಸಿತು. ಮನೆಯ ಆವರಣದೊಳಗೆ ಪ್ಯಾರಾಕ್ವಾಟ್ ಇರಕೂಡದೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಗದ್ದೆಗೆ ತಂದಿದ್ದರೂ ಹಿತ್ತಲಿಗೆ ಬೇಡ.

ಕೊನೆಯದಾಗಿ ಗ್ಲೈಫೋಸೇಟ್. ಎಲೆಯ ಮೇಲೆ ಬಿದ್ದು ಬೇರು, ಗಡ್ಡೆಗಳವರೆಗೆ ಇಳಿದು, ಹತ್ತು ಹದಿನೈದು ದಿನಗಳಲ್ಲಿ ಇಡೀ ಗಿಡವನ್ನು ಒಣಗಿಸುವುದರಿಂದ ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿರುವ ಕಳೆನಾಶಕವಿದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಇದನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಿಲ್ಲ. ವಿವಾದ ಏನೇ ಇರಲಿ, ನಮಗೆ ಅನ್ವಯಿಸುವ ವಿಷಯ ಬೇರೆಯಿದೆ. ಕೇಂದ್ರ ಕೃಷಿ ಸಚಿವಾಲಯವು 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಂತೆ ಪರವಾನಗಿಯುಳ್ಳ ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರಾರೂ ಗ್ಲೈಫೋಸೇಟನ್ನು ಬಳಸುವಂತಿಲ್ಲ. ಅಂಗಡಿಯಲ್ಲಿ ಸಿಕ್ಕಿತೆಂಬುದು ಮನೆಯವರೇ ಸಿಂಪಡಿಸಲು ಒಪ್ಪಿಗೆಯಲ್ಲ.

ಬಳಸಲೇಬೇಕಾದಾಗ

ಇಷ್ಟೆಲ್ಲ ಹೇಳಿದ ಮೇಲೆ ಕಳೆನಾಶಕಕ್ಕೆ ಮನೆಯ ಬಳಿ ಸ್ಥಾನವೇ ಇಲ್ಲವೇ ಎಂದರೆ, ಸ್ವಲ್ಪ ಇದೆ. ಕಾಂಪೌಂಡಿನ ಹೊರಮಗ್ಗುಲು, ಹಾವು ಸೇರುವಷ್ಟು ಪೊದೆ ಬೆಳೆದ ಖಾಲಿ ನಿವೇಶನ, ಕಾಂಗ್ರೆಸ್ ಗಿಡ ಕವಿದ ದಾರಿಬದಿ ಇಂಥ ಕಡೆ ವರ್ಷಕ್ಕೊಮ್ಮೆ ಬೇಕಾಗಬಹುದು. ತಿನ್ನುವ ಗಿಡಗಳ ಪಾತಿಗೆ, ಪತ್ರೆಪುಷ್ಪದ ಗಿಡಗಳ ಬುಡಕ್ಕೆ ಎಂದಿಗೂ ಬೇಡ. ಯಾವ ರಾಸಾಯನಿಕವೆಂಬುದನ್ನು ಅಂಗಡಿಯವರ ಮಾತಿನ ಮೇಲೆ ನಿರ್ಧರಿಸದೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಳೆಯ ಒಂದು ಗಿಡವನ್ನು ತೋರಿಸಿ ಕೇಳುವುದು ಒಳ್ಳೆಯದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಲೇಬಲ್ಲಿನಲ್ಲಿ ಪ್ರಮಾಣವಿರುವುದು ಹೆಕ್ಟೇರ್ ಲೆಕ್ಕದಲ್ಲಿ ಅಥವಾ ಎಕರೆ ಲೆಕ್ಕದಲ್ಲಿ. ನಮ್ಮಲ್ಲಿರುವುದು ಗುಂಟೆ, ಅಡಿಗಳ ಲೆಕ್ಕ. ಎಕರೆಗೆ 40 ಗುಂಟೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1089 ಚದರಡಿ. ಹೆಕ್ಟೇರಿಗೆ ಹತ್ತಿರ ಹತ್ತಿರ 100 ಗುಂಟೆ. ಆದ್ದರಿಂದ ಹೆಕ್ಟೇರಿನ ಪ್ರಮಾಣವನ್ನು ನೂರರಿಂದ ಭಾಗಿಸಿದರೆ ಗುಂಟೆಯ ಪ್ರಮಾಣ ದೊರೆಯುತ್ತದೆ. ಒಂದು ಉದಾಹರಣೆ ನೋಡೋಣ. ಲೇಬಲ್ಲಿನಲ್ಲಿ ಹೆಕ್ಟೇರಿಗೆ 2 ಲೀಟರ್ ಕಳೆನಾಶಕ, 500 ಲೀಟರ್ ನೀರು ಎಂದಿದ್ದರೆ ಗುಂಟೆಗೆ 20 ಮಿಲಿಲೀಟರ್ ಮತ್ತು 5 ಲೀಟರ್ ನೀರು. ನಿಮ್ಮ ಹಾದಿ 10 ಅಡಿ ಅಗಲ, 20 ಅಡಿ ಉದ್ದವಿದ್ದರೆ ಅದು 200 ಚದರಡಿ, ಗುಂಟೆಯ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೆ ಬೇಕಾದುದು 4 ಮಿಲಿಲೀಟರಿಗೂ ಕಡಿಮೆ ಕಳೆನಾಶಕ, ಸುಮಾರು ಒಂದು ಲೀಟರ್ ನೀರು. ಇಷ್ಟಕ್ಕೆ 16 ಲೀಟರಿನ ಬೆನ್ನಿನ ಪಂಪು ತುಂಬಿ, ಕಣ್ಣಂದಾಜಿನಲ್ಲಿ ಮುಚ್ಚಳಗಟ್ಟಲೆ ಸುರಿಯುವುದನ್ನು ನಾವು ಎಲ್ಲೆಡೆ ನೋಡುತ್ತೇವೆ. ಅಳೆಯಲು ಸೂಜಿಯಿಲ್ಲದ ಸಿರಿಂಜನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಅಡುಗೆಮನೆಯ ಚಮಚ, ಲೋಟಗಳು ಈ ಕೆಲಸಕ್ಕೆ ಬರಕೂಡದು.

ಪ್ರಮಾಣ ಹೆಚ್ಚಿಸಿದರೆ ಕಳೆ ಬೇಗ ಸಾಯುತ್ತದೆಂಬ ನಂಬಿಕೆ ಸರಿಯಲ್ಲ. ಬೇರಿಗಿಳಿಯುವ ಜಾತಿಯ ಕಳೆನಾಶಕವನ್ನು ಅತಿಯಾಗಿ ಹಾಕಿದರೆ ಎಲೆ ಕೂಡಲೇ ಸುಟ್ಟುಹೋಗಿ, ಒಳಗೆ ಸಾಗಿಸುವ ದಾರಿಯೇ ಮುಚ್ಚುತ್ತದೆ, ಬೇರು ಉಳಿದುಕೊಳ್ಳುತ್ತದೆ. ಕಳೆ ಎಳೆಯದಾಗಿ, ಚುರುಕಾಗಿ ಬೆಳೆಯುತ್ತಿರುವಾಗ ಸಿಂಪಡಿಸಿದರೆ ಫಲ ಹೆಚ್ಚು. ಬೇಸಿಗೆಯಲ್ಲಿ ಬಾಡಿ ನಿಂತ ಗಿಡ ಏನನ್ನೂ ಹೀರಿಕೊಳ್ಳುವುದಿಲ್ಲ. ಧೂಳು ಕವಿದ ಎಲೆಯ ಮೇಲೂ ವ್ಯರ್ಥ. ಸಿಂಪಡಿಸುವ ಮೊದಲು ಕಳೆಯನ್ನು ಸವರಬಾರದು, ಏಕೆಂದರೆ ಒಳಹೋಗಲು ಎಲೆಯೇ ಬಾಗಿಲು.

ನೀರಿನ ವಿಷಯವನ್ನು ಬಹುಮಂದಿ ಗಮನಿಸುವುದಿಲ್ಲ. ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ, ಹೇಮಾವತಿ ನಾಲೆಗಳಲ್ಲಿ ಮಳೆಗಾಲಕ್ಕೆ ಬರುವ ನೀರು ಕೆಂಪಗೆ ಕದಡಿರುತ್ತದೆ. ಕೆಲವು ಕಳೆನಾಶಕಗಳು ಆ ಮಣ್ಣಿನ ಕಣಕ್ಕೇ ಅಂಟಿಕೊಂಡು ನಿಷ್ಫಲವಾಗುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಕೆಲವುಗಳ ಬಲ ಕುಗ್ಗುತ್ತದೆ. ಹಿಡಿದಿಟ್ಟ ತಿಳಿಯಾದ ಮಳೆನೀರು ಎಲ್ಲಕ್ಕಿಂತ ಉತ್ತಮ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು ಕೆಲಸ ಮುಗಿಯಬೇಕು. ಮುಂದಿನ ಆರು ಗಂಟೆಯೊಳಗೆ ಮಳೆ ಬರುವಂತಿದ್ದರೆ ಮುಂದೂಡಿ. ಪಂಪಿನ ತುದಿಗೆ ಕೀಟನಾಶಕದ ನಾಜಲ್ ಬೇಡ. ಅದು ಮಂಜಿನಂಥ ಸಣ್ಣ ಹನಿ ಮಾಡಿ ಗಾಳಿಗೆ ಬಿಡುತ್ತದೆ. ಕಳೆನಾಶಕಕ್ಕೆ ಬೀಸಣಿಗೆಯಂತೆ ಚಪ್ಪಟೆಯಾಗಿ ಸುರಿಯುವ ಫ್ಲ್ಯಾಟ್ ಫ್ಯಾನ್ ಅಥವಾ ಫ್ಲಡ್ ಜೆಟ್ ನಾಜಲ್ ಬಳಸಿ, ನೆಲಕ್ಕೆ ಹತ್ತಿರ ಹಿಡಿದು, ಒತ್ತಡ ಕಡಿಮೆಯಿಟ್ಟು ಸಿಂಪಡಿಸಬೇಕು. ನಾಜಲ್ಲಿನ ಸುತ್ತ ಪ್ಲಾಸ್ಟಿಕ್ ಹುಡ್ ಸಿಕ್ಕಿಸಿದರೆ ಹನಿ ಅತ್ತಿತ್ತ ಹಾರದು. ಎಳೆಯ ತೆಂಗಿನ ಸಸಿಯ ಗರಿಗೆ, ಬಾಳೆಯ ಕಂದಿಗೆ, ಗಿಡಗಳ ಹಸಿರು ತೊಗಟೆಗೆ ಹನಿ ಬೀಳಬಾರದು. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವ ಅಭ್ಯಾಸವೊಂದಿದೆ. ಅದು ಖಂಡಿತ ಕೂಡದು.

ಉದ್ದ ತೋಳಿನ ಅಂಗಿ, ಪಂಚೆಯ ಬದಲು ಪ್ಯಾಂಟು, ರಬ್ಬರ್ ಬೂಟು, ರಬ್ಬರ್ ಕೈಗವಸು, ಕನ್ನಡಕ, ಮುಖಗವಸು ಇವಿಷ್ಟೂ ಇರಬೇಕು. ಬೆನ್ನಿನ ಪಂಪು ಸೋರಿ ಬೆನ್ನು ಒದ್ದೆಯಾಗುವುದನ್ನು ಯಾರೂ ಲೆಕ್ಕಿಸುವುದಿಲ್ಲ. ವಿಷ ಮೈಗೆ ಸೇರುವ ದಾರಿಗಳಲ್ಲಿ ಅದೂ ಒಂದು. ಮೊದಲು ಬರಿಯ ನೀರು ತುಂಬಿ ಸೋರಿಕೆ ನೋಡಿ. ಅದೇ ನೀರನ್ನು ಸಿಂಪಡಿಸಬೇಕಾದ ಜಾಗಕ್ಕೆ ಹಾಯಿಸಿದರೆ ಎಷ್ಟು ನೀರು ಸಾಕೆಂಬುದೂ ತಿಳಿಯುತ್ತದೆ. ಕೂಲಿಗೆ ಕರೆದವರಿಗೂ ಈ ಉಡುಪನ್ನು ಕೆಲಸ ಮಾಡಿಸುವವರೇ ಕೊಡಬೇಕು. ಬಡವರ ಮೈ ಬೇರೆ ಚರ್ಮದಿಂದ ಆದದ್ದಲ್ಲ. ಗರ್ಭಿಣಿಯರು, ಮಕ್ಕಳು, ದನಕರುಗಳು ಆ ಜಾಗದಿಂದ ದೂರವಿರಲಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಮನೆಯ ಉಳಿದ ಬಟ್ಟೆಗಳೊಡನೆ ಸೇರಿಸದೆ ಒಗೆಯಬೇಕು. ಕಳೆನಾಶಕದ ಪಂಪು ಬೇರೆಯೇ ಇರಲಿ. 2,4-ಡಿ ಹಾಕಿದ ಪಂಪಿನಲ್ಲಿ ಮುಂದೆ ಬೇವಿನೆಣ್ಣೆ ತುಂಬಿ ಟೊಮೆಟೊಗೆ ಹೊಡೆದರೂ ಉಳಿದ ಅಂಶದಿಂದ ಗಿಡ ಮುರುಟುತ್ತದೆ.

ಪಂಪು ತೊಳೆದ ನೀರನ್ನು ನಾಲೆ, ಕೆರೆ, ಚರಂಡಿಗಳಿಗೆ ಬಿಡಬೇಡಿ. ಸಿಂಪಡಿಸಿದ ಜಾಗಕ್ಕೇ ಹಾಕಿ. ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಪಾಂಡವಪುರದ ಮೂಲಕ ಹರಿದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಮೇಲಿನ ತಾಲ್ಲೂಕಿನವರು ತೊಳೆದದ್ದು ಕೆಳಗಿನ ತಾಲ್ಲೂಕಿನವರ ನೀರಿಗೆ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಾವೇರಿಯ ದಂಡೆಯಲ್ಲಿರುವ ರಂಗನತಿಟ್ಟು 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಗಿ ಘೋಷಿತವಾಗಿದೆ. ಕೆಲವು ಕಳೆನಾಶಕಗಳೊಡನೆ ಬೆರೆಸಿರುವ ನೊರೆಕಾರಕ ದ್ರವಗಳು ಕಪ್ಪೆಮರಿ, ಮೀನುಗಳಿಗೆ ಮಾರಕ. ಅಲ್ಲಿನ ಹಕ್ಕಿಗಳು ಬದುಕುವುದು ಅವನ್ನು ತಿಂದು.

ಅಪಘಾತವಾದರೆ

ಮೈಮೇಲೆ ಚೆಲ್ಲಿದರೆ ಬಟ್ಟೆ ತೆಗೆದು, ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಅಷ್ಟೇ ಹೊತ್ತು ಶುದ್ಧ ನೀರು ಹಾಯಿಸಬೇಕು. ಬಾಯಿಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ, ಹಾಲು ಮಜ್ಜಿಗೆಗಳಿಂದ ಕಾಲ ಕಳೆಯುವುದೂ ಬೇಡ. ತಕ್ಷಣ 108ಕ್ಕೆ ಕರೆಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ, ಅಂದರೆ ಮಂಡ್ಯ, ಮೈಸೂರು ಅಥವಾ ನಾಗಮಂಗಲದ ಕಡೆಯವರು ಬಿ.ಜಿ. ನಗರಕ್ಕೆ ಕರೆದೊಯ್ಯಬೇಕು. ಬಾಟಲಿಯನ್ನೋ ಅದರ ಲೇಬಲ್ಲನ್ನೋ ಜೊತೆಗೆ ತೆಗೆದುಕೊಂಡು ಹೋಗುವುದನ್ನು ಮರೆಯಬಾರದು. ಯಾವ ವಿಷವೆಂದು ತಿಳಿಯದೆ ವೈದ್ಯರು ಸರಿಯಾದ ಚಿಕಿತ್ಸೆ ಆರಂಭಿಸುವುದು ಕಷ್ಟ. ರೋಗಿ ಚೆನ್ನಾಗಿಯೇ ಇದ್ದಾರೆಂದು ಮನೆಗೆ ಮರಳಿಸಬೇಡಿ.

ತಂಪು ಪಾನೀಯದ ಬಾಟಲಿಗೆ, ನೀರಿನ ಬಾಟಲಿಗೆ ಸುರಿದಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಮಕ್ಕಳು, ಕತ್ತಲಲ್ಲಿ ಎದ್ದು ನೀರು ಹುಡುಕುವ ಹಿರಿಯರು ಇದರಿಂದ ಪ್ರಾಣ ಕಳೆದುಕೊಳ್ಳುತ್ತಾರೆ. ಮೂಲ ಡಬ್ಬಿಯಲ್ಲೇ ಇಟ್ಟು, ಪೆಟ್ಟಿಗೆಯೊಳಗೆ ಬೀಗ ಹಾಕಿ, ಬೀಗದ ಕೈ ಒಬ್ಬರ ಬಳಿ ಮಾತ್ರ ಇರಲಿ. ಇದಕ್ಕೆ ಮತ್ತೊಂದು ಕಾರಣವೂ ಉಂಟು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಾಲ, ಜಗಳ, ಬೇಸರಗಳಿಂದ ಮನಸ್ಸು ಕದಡಿದ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ, ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 2008ರಿಂದ 2011ರೊಳಗೆ ಪ್ಯಾರಾಕ್ವಾಟ್ ಸೇರಿದಂತೆ ಕೆಲವು ವಿಷಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಇಂಥ ಸಾವುಗಳು ಗಣನೀಯವಾಗಿ ಇಳಿದವು. ಮನೆಯಲ್ಲಿ ಯಾರಾದರೂ ತೀರ ಕುಗ್ಗಿರುವಂತೆ ಕಂಡರೆ ಅವರೊಡನೆ ಕುಳಿತು ಮಾತಾಡಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು.

ವಿಷವಿಲ್ಲದ ದಾರಿ

ಹಿತ್ತಲಿನ ಮಟ್ಟಿಗೆ ರಾಸಾಯನಿಕಕ್ಕಿಂತ ಚೆನ್ನಾಗಿ ನಡೆಯುವ ಉಪಾಯಗಳು ನಮ್ಮ ಕೈಯಳತೆಯಲ್ಲೇ ಇವೆ. ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ಕಬ್ಬಿನ ತರಗಿಗೆ ಬರವಿಲ್ಲ; ಗದ್ದೆಯಲ್ಲೇ ಬೆಂಕಿಯಿಡುವ ಆ ತರಗನ್ನು ನಾಲ್ಕು ಹೊರೆ ತಂದು ಪಾತಿಯಲ್ಲಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹಾಸಿದರೆ ಬೆಳಕು ಕಾಣದೆ ಕಳೆಯ ಬೀಜ ಮೊಳೆಯುವುದಿಲ್ಲ, ತೇವವೂ ಉಳಿಯುತ್ತದೆ. ನಾಗಮಂಗಲದ ಕಡೆಯವರಿಗೆ ತೆಂಗಿನ ಗರಿ, ನಾರಿನ ಪುಡಿ ಇದೆ. ಗಿಡದ ಬುಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹಾಸಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ.

ಬಿತ್ತನೆಗೆ ಮೊದಲು ಪಾತಿ ಮಾಡಿ, ನೀರು ಹಾಯಿಸಿ, ಎಂಟು ಹತ್ತು ದಿನ ಸುಮ್ಮನೆ ಬಿಡಿ. ಕಳೆಯೆಲ್ಲ ಹುಟ್ಟಿಕೊಂಡ ಮೇಲೆ ಗುದ್ದಲಿಯಿಂದ ಮೇಲುಮೇಲೆ ಕೆರೆದು ಆಮೇಲೆ ಬೀಜ ಹಾಕಿದರೆ ಮೊದಲ ಒಂದು ತಿಂಗಳ ಕಾಟ ತಪ್ಪುತ್ತದೆ. ತರಕಾರಿಗೆ ಆ ತಿಂಗಳೇ ಮುಖ್ಯ. ಆಳವಾಗಿ ಅಗೆದರೆ ಕೆಳಗಿದ್ದ ಬೀಜ ಮೇಲೆ ಬಂದು ಮತ್ತೆ ಮೊಳೆಯುತ್ತದೆ. ಹಸಿ ಸಗಣಿ, ಕೆರೆಯ ಹೂಳು ಇವು ಕಳೆಬೀಜದ ಕಣಜಗಳು. ಗೊಬ್ಬರ ಚೆನ್ನಾಗಿ ಕಾದು ಕಳಿತ ಮೇಲೆಯೇ ಹಾಕಬೇಕು.

ಕಲ್ಲುಹಾಸಿನ ಸಂದಿಯಲ್ಲಿ ಹುಟ್ಟಿದ ಎಳೆಯ ಹುಲ್ಲಿಗೆ ಕುದಿಯುವ ನೀರು ಸಾಕು. ಗರಿಕೆಗಾದರೆ ಎರಡು ಮೂರು ಸಲ ಹಾಕಬೇಕಾಗುತ್ತದೆ. ಉಪ್ಪು ಸುರಿಯಿರಿ ಎಂಬ ಸಲಹೆ ಈಗ ಮೊಬೈಲಿನಲ್ಲಿ ಹರಿದಾಡುತ್ತಿದೆ. ತೋಟದ ಮಣ್ಣಿಗೆ ಉಪ್ಪು ಹಾಕುವುದೆಂದರೆ ಮುಂದೆ ಏನೂ ಬೆಳೆಯದಂತೆ ಮಾಡಿಕೊಂಡಂತೆ. ನಾಲೆಯ ನೀರು ನಿಂತು ಚೌಳಾದ ಗದ್ದೆಗಳನ್ನು ಕಂಡಿರುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜೇಕಿಗೆ ಮಾತ್ರ ಸುಲಭೋಪಾಯವಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ತೇವವಾದ ಪಾತಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ, ನಾಲ್ಕರಿಂದ ಆರು ವಾರ ಬಿಟ್ಟರೆ ಉಳಿದ ಕಳೆಬೀಜಗಳೆಲ್ಲ ಬೆಂದುಹೋಗುತ್ತವೆ. ಜೇಕಿನ ಸೂಜಿಮೊನೆಯಂಥ ಮೊಳಕೆ ತೆಳು ಹಾಳೆಯನ್ನೂ ತೂತು ಮಾಡಿಕೊಂಡು ಮೇಲೇಳುತ್ತದೆ. ಹಾಗೆ ಎದ್ದದ್ದನ್ನು ಹಾರೆಯಿಂದ ಮಣ್ಣು ಸಡಿಲಿಸಿ ಗಡ್ಡೆಸಹಿತ ಆರಿಸಿ, ಬಂಡೆಯ ಮೇಲೆ ಒಣಗಿಸಬೇಕು. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಮರಳಿ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಡದೆ ಹೀಗೆ ಮಾಡಿದಲ್ಲಿ ಪ್ರತಿ ಸಲ ಚಿಗುರಲು ಗಡ್ಡೆ ತನ್ನ ಸಂಗ್ರಹವನ್ನು ಖರ್ಚು ಮಾಡಿ ಸೊರಗುತ್ತದೆ. ಎರಡು ಬೇಸಿಗೆ ಹಿಡಿಯುವ ಕೆಲಸ. ಈ ವರ್ಷ ಆರಂಭಿಸುವವರು ಶಿವರಾತ್ರಿ ಕಳೆದೊಡನೆ ಪಾತಿಗೆ ನೀರು ಹಾಯಿಸಿ ಹಾಳೆ ಹೊದಿಸಿದರೆ ಮುಂಗಾರಿನ ಬಿತ್ತನೆಗೆ ಮೊದಲೇ ಒಂದು ಸುತ್ತು ಮುಗಿಯುತ್ತದೆ.